ಐದನೆಯ ರಿಂಗು

ಅಕ್ಕ ಈಜುವಾಗ ನೀರಿನ ಸದ್ದೇ ಕೇಳುತ್ತಿರಲಿಲ್ಲ. ಇದನ್ನು ಮೊದಲು ಗುರುತಿಸಿದವನು ಭಟ್ಕಳದ ಸುಹೇಲ್. ದುಬೈಯ ಈಜುಕೊಳದಲ್ಲಿ ಕೋಚ್ ಇಟ್ಟುಕೊಂಡು ಕಲಿತು ಬಂದ ಅವನು ಶರಾವತಿಗೆ ಇಳಿದರೆ ಸುತ್ತಲಿನ ಬೆಳ್ಳಕ್ಕಿಗಳೆಲ್ಲ ಎದ್ದು ಹಾರುತ್ತಿದ್ದವು. ಅಕ್ಕ ಅವುಗಳ ನಡುವೆಯೇ ಹಾದುಹೋದರೂ ಅವು ಕತ್ತು ಹೊರಳಿಸುತ್ತಿರಲಿಲ್ಲ. "ಖಾಲಾ ಎಲ್ಲಿ ಈಜ್ತಾರೆ, ನೀರೇ ಅವರನ್ನ ಎತ್ಕೊಂಡು ಹೋಗ್ತದೆ," ಎಂದು ಅಕ್ಕನನ್ನು ಕುರಿತು ಅವನು ದಡದಲ್ಲಿ ಒದ್ದೆ ತಲೆ ಒರೆಸಿಕೊಳ್ಳುತ್ತ ಹೇಳಿದ್ದ. ಕಳೆದ ತಿಂಗಳು ಅಕ್ಕ ತೀರಿಕೊಂಡ ಸುದ್ದಿಯನ್ನು ನಾನು ಫೋನಿನಲ್ಲಿ ತಿಳಿಸಿದಾಗ ಆಚೆ ಕಡೆಯಿಂದ ಅವನ ಬಟ್ಟೆ ಅಂಗಡಿಯ ಶಟರು ಎಳೆಯುವ ಸದ್ದು ಮಾತ್ರ ಕೇಳಿಸಿತು. ಮಟಮಟ ಮಧ್ಯಾಹ್ನ, ಗಿರಾಕಿಗಳ ಹೊತ್ತು.

ಅಕ್ಕ ಅಘನಾಶಿನಿಯ ಅಳಿವೆಯಲ್ಲಿ ಬಳಚು ತೆಗೆಯುವವರು. ಬಳಚು ಎಂದರೆ ಹೊಳೆಯ ತಳದ ಕೆಸರು ಮರಳಿನಲ್ಲಿ ಹುದುಗಿರುವ ಚಿಪ್ಪು. ಒಳಗಿನ ಮೆದು ಮಾಂಸ ನಮ್ಮ ಕಡೆಯ ಅರ್ಧ ಊಟ. ಕಾಗಾಲದ ಆಚೆಗಿನ ಅವರ ಮನೆಯಿಂದ ಹೊಳೆ ಕೂಗಳತೆಯ ದೂರ. ಇಳಿತದ ಹೊತ್ತಿಗೆ ದೋಣಿಯಲ್ಲಿ ಹೋಗಿ, ಎದೆಮಟ್ಟದ ನೀರಿನಲ್ಲಿ ಕಾಲಿಂದ ತಡವಿ, ಮುಳುಗಿ, ಕೈಯಿಂದ ಬಗೆದು ತರಬೇಕು. ಅವರ ಕಾಲ್ಬೆರಳುಗಳು ಒಂದಕ್ಕೊಂದು ತಾಗದ ಹಾಗೆ ಅಗಲವಾಗಿ ಹರಡಿಕೊಂಡಿದ್ದವು. ಒಮ್ಮೆ ನನ್ನ ಲೈಬ್ರರಿಯಲ್ಲಿ ಮೇಜಿನ ಕೆಳಗೆ ಬಿದ್ದ ಪೆನ್ಸಿಲನ್ನು ಬಗ್ಗದೆ ಕಾಲ್ಬೆರಳಲ್ಲೇ ಎತ್ತಿ ಕೈಗೆ ದಾಟಿಸಿ ನನಗೆ ಕೊಟ್ಟಿದ್ದರು. ಏನೋ ತಪ್ಪು ಮಾಡಿದವರಂತೆ ಆಮೇಲೆ ಅದನ್ನು ಸೆರಗಿನಿಂದ ಒರೆಸಿದರು.

ಇಂಥವರೂ ನಾನೂ ಸುಹೇಲನೂ ಒಂದು ತಂಡವಾದದ್ದು ಟೀವಿಯ ದೆಸೆಯಿಂದ. ಮನರಂಜನೆಯ ವಾಹಿನಿಯೊಂದು ಕರಾವಳಿಯ ಸಾಮಾನ್ಯ ಜನರನ್ನು ಆರಿಸಿ, ಮೂರು ಮೂರು ಜನರ ತಂಡ ಕಟ್ಟಿ, ನೀರಿನ ಆಟಗಳ ಸ್ಪರ್ಧೆ ನಡೆಸುತ್ತಿತ್ತು. ನಾನು ಹೊನ್ನಾವರದ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ನನಗೆ ಈಜು ಬಾರದು. ಆದರೆ ಹೈಸ್ಕೂಲಿನಲ್ಲಿ ಟೆನಿಕಾಯ್ಟ್ ಆಡಿ ಜಿಲ್ಲಾ ಮಟ್ಟದವರೆಗೆ ಹೋದವಳು. ರಬ್ಬರಿನ ರಿಂಗು ಕೈಗೆ ಬಂದರೆ ಈಗಲೂ ಮಣಿಕಟ್ಟು ತಾನಾಗಿ ತಿರುಗುತ್ತದೆ. ಕಾಲೇಜಿನ ಕ್ರೀಡಾದಿನದಲ್ಲಿ ನಾನು ಆಡಿದ್ದನ್ನು ಸಹೋದ್ಯೋಗಿಯೊಬ್ಬಳು ವೀಡಿಯೋ ಮಾಡಿ ವಾಹಿನಿಗೆ ಕಳಿಸಿಬಿಟ್ಟಿದ್ದಳು. ರಿಂಗು ಎಸೆಯುವವರು ಅವರಿಗೂ ಬೇಕಿತ್ತು. ಹೀಗೆ ನಲವತ್ತು ದಾಟಿದ ನಾನು ಆಯ್ಕೆಯಾದೆ.

ಆಯ್ಕೆಯ ದಿನ ಹೊನ್ನಾವರದ ಸಭಾಭವನವೊಂದರಲ್ಲಿ ಅರ್ಜಿ ತುಂಬಿಸುತ್ತಿದ್ದರು. ನನ್ನ ಮುಂದೆ ಒಬ್ಬ ಹೆಂಗಸು ಕೈಯಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ಕೂತಿದ್ದರು. ಐವತ್ತರ ಆಸುಪಾಸು, ಬಿಸಿಲಿಗೆ ಕಂದಿದ ಮುಖ, ತುರುಬಿಗೆ ಹಳೆಯ ಸೀರೆಯ ಅಂಚು ಸುತ್ತಿದ್ದರು. ವಾಹಿನಿಯ ಹುಡುಗಿ ಹವ್ಯಾಸ ಏನೆಂದು ಕೇಳಿದಳು. ಹಾಗೆಂದರೆ ಎಂತ ಎಂದು ಇವರು ವಿಚಾರಿಸಿದರು. ಹೊಟ್ಟೆಪಾಡಿಗಲ್ಲದೆ ಖುಷಿಗೆ ಮಾಡುವ ಕೆಲಸ ಎಂದು ಅವಳು ವಿವರಿಸಿದಳು. ಇವರು ಸ್ವಲ್ಪ ಯೋಚಿಸಿ ಹೇಳಿದರು: "ಅದನ್ನ ಖಾಲಿ ಬಿಡು ಮಗಾ."

ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಟೀವಿಯಲ್ಲಿ ಅವರ ಮುಖದ ಕೆಳಗೆ ದಪ್ಪಕ್ಷರದಲ್ಲಿ ಹೆಸರು ಹಾಕಿ, ಅದರ ಹಿಂದೆ 'ಬಳಚಿನ' ಎಂಬ ವಿಶೇಷಣವನ್ನೂ ಅಂಟಿಸಿದ್ದರು. ತನ್ನ ಹೆಸರನ್ನು ಯಾರೋ ಕೂಗಿ ಕೂಗಿ ಸವೆಸಿದ ಹಾಗಾಯಿತು ಎಂದು ಅವರು ಬೇಸರಪಟ್ಟುಕೊಂಡಿದ್ದರು. ನನಗವರು ಅಕ್ಕ, ಅವರಿಗೆ ನಾನು ತಂಗಿ. ಸುಹೇಲನ ಬಾಯಲ್ಲಿ ಖಾಲಾ, ಚಿಕ್ಕಮ್ಮ.

ಸ್ಪರ್ಧೆಗೆ ಮುಂಚೆ ಒಂದು ತಿಂಗಳು ಪ್ರತಿ ಭಾನುವಾರ ನಾವು ಹೊನ್ನಾವರದ ಹೊಳೆಯಂಚಿನಲ್ಲಿ ಸೇರುತ್ತಿದ್ದೆವು. ಸುಹೇಲ್ ಭಟ್ಕಳದಿಂದ ಬೈಕಿನಲ್ಲಿ, ಅಕ್ಕ ಕುಮಟೆಗೆ ಬಂದು ಅಲ್ಲಿಂದ ಬಸ್ಸಿನಲ್ಲಿ. ಆ ಬೆಳಗುಗಳು ಈಗ ನೆನಪಾಗುವುದು ನಿದ್ದೆಯಲ್ಲಿ ಕಂಡವುಗಳ ಹಾಗೆ. ಹೊಳೆಯ ಮೇಲೆ ತೆಳುವಾದ ಮಂಜು. ದೂರದ ಸೇತುವೆಯ ಮೇಲೆ ಲಾರಿಗಳು ನೆಲ ತಾಗದೆ ಹೋಗುತ್ತಿರುವಂತೆ ತೋರುತ್ತಿತ್ತು. ಅಕ್ಕ ಮಂಡಿ ಮಟ್ಟದ ನೀರಿನಲ್ಲಿ ನಿಂತು ಒಂದು ಬೊಗಸೆ ಎತ್ತಿ, ಅದನ್ನೇ ನೋಡಿ, ಮೆಲ್ಲಗೆ ಹೊಳೆಗೇ ಬಿಡುವರು. ಕೆಲವೊಮ್ಮೆ ಗೇರುಸೊಪ್ಪೆಯಲ್ಲಿ ನೀರು ಬಿಟ್ಟಿದ್ದಾರೆ, ತಳ ತಣ್ಣಗಿದೆ ಎನ್ನುವರು. ಅಷ್ಟು ದೂರದ ಅಣೆಕಟ್ಟೆಯ ಸುದ್ದಿ ಇವರ ಅಂಗೈಗೆ ಹೇಗೆ ತಿಳಿಯುತ್ತಿತ್ತೋ! ಸುಹೇಲ್ ಒಂದೆರಡು ಸಲ ಪರಿಚಯದವರಿಗೆ ಫೋನ್ ಮಾಡಿ ವಿಚಾರಿಸಿದ. ಅಕ್ಕ ಹೇಳಿದ್ದೇ ನಿಜವಾಗಿತ್ತು. ಆಮೇಲೆ ಅವನು ವಿಚಾರಿಸುವುದನ್ನು ಬಿಟ್ಟ.

ಅವರು ಹೊಗಳುತ್ತಿರಲಿಲ್ಲ. ನಾನು ಮರಳಿನಲ್ಲಿ ಕೋಲು ನೆಟ್ಟು ಗಂಟೆಗಟ್ಟಲೆ ರಿಂಗು ಎಸೆಯುವಾಗ ಸುಮ್ಮನೆ ಕೂತು ನೋಡುತ್ತಿದ್ದರು. ಒಂದು ದಿನ ನಾನಾಗಿ ಕೇಳಿದ ಮೇಲೆ ಹೇಳಿದರು: "ನೀ ಕೋಲನ್ನೇ ನೋಡ್ತೆ. ಕೋಲು ಎಲ್ಲಿಗೂ ಹೋಗೂದಿಲ್ಲ. ಕೈಯಲ್ಲಿದ್ದದ್ದನ್ನ ನೋಡು." ನಾನು ಉಸಿರು ಕಟ್ಟಿಕೊಂಡೇ ಮಾತಾಡುತ್ತೇನೆ ಎಂಬುದು ಅವರ ಇನ್ನೊಂದು ದೂರು. ಮುಳುಗುವವರಿಗೆ ಉಸಿರು ಹಿಡಿಯುವುದು ಬೇಕು, ದಡದ ಮೇಲಿನವರಿಗೆ ಎಂತಕ್ಕೆ ಎನ್ನುವರು.

ನನಗೆ ಈಜು ಕಲಿಸಬೇಕೆಂದು ಒಮ್ಮೆ ಹಟ ಹಿಡಿದರು. ನನ್ನನ್ನು ಅಂಗಾತ ಮಲಗಿಸಿ ಬೆನ್ನಿನ ಕೆಳಗೆ ಎರಡು ಬೆರಳು ಕೊಟ್ಟಿದ್ದರು, ಅಷ್ಟೇ. ನಾನು ಅವರ ತೋಳು, ಸೆರಗು, ಕೊನೆಗೆ ನೀರನ್ನೇ ಹಿಡಿಯಲು ಹೋಗಿ ಮುಳುಗಿದೆ. ಮೂಗಿಗೆ ನೀರು ಹೊಕ್ಕು ಕೆಮ್ಮುತ್ತಿದ್ದವಳ ಬೆನ್ನು ತಟ್ಟುತ್ತ ಅವರು ನಕ್ಕರು. ಅವರು ನಗುವುದು ಕಡಿಮೆ. ನಕ್ಕರೆ ಹಲ್ಲು ಕಾಣುತ್ತಿರಲಿಲ್ಲ, ಕಣ್ಣು ಕಾಣುತ್ತಿರಲಿಲ್ಲ, ಮುಖವೆಲ್ಲ ಸುಕ್ಕುಗಳ ಒಂದು ಗಂಟಾಗುತ್ತಿತ್ತು.

ಗಂಡನ ವಿಷಯ ಅವರಾಗಿ ಎತ್ತಿದ್ದಿಲ್ಲ. ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಆತ ಹನ್ನೊಂದು ವರ್ಷ ಹಾಸಿಗೆಯಲ್ಲಿದ್ದು ಸ್ಪರ್ಧೆಯ ಹಿಂದಿನ ವರ್ಷ ತೀರಿಕೊಂಡಿದ್ದರು. ಅಷ್ಟೂ ವರ್ಷ ಅಕ್ಕ ಹೊಳೆಯಿಂದ ತಂದದ್ದರಲ್ಲೇ ಮನೆ ನಡೆದು, ಇಬ್ಬರು ಹೆಣ್ಣುಮಕ್ಕಳ ಓದು ಮದುವೆಯಾಗಿತ್ತು. ಇದನ್ನು ಊರಿನವರಿಂದ ಪತ್ತೆಹಚ್ಚಿದ ವಾಹಿನಿಯವರು ಚಿತ್ರೀಕರಣಕ್ಕೆ ಮುಂಚೆ ಅಕ್ಕನನ್ನು ಮರದ ನೆರಳಿನಲ್ಲಿ ಕೂರಿಸಿ, ಬದುಕಿನಲ್ಲಿ ಅತ್ಯಂತ ದೊಡ್ಡ ನೋವು ಯಾವುದೆಂದು ಕೇಳಿದರು. ಕ್ಯಾಮೆರಾ ಹತ್ತಿರ ಹತ್ತಿರ ಬಂತು. ಅಕ್ಕ ನಿಜವಾಗಿಯೂ ಯೋಚಿಸಿ, "ಮೊಣಕಾಲು," ಎಂದರು. ಮತ್ತೆ ಮತ್ತೆ ಕೇಳಿದಾಗ ಎಡಗಾಲೋ ಬಲಗಾಲೋ ಎಂಬುದನ್ನೂ, ಯಾವ ಎಣ್ಣೆ ಹಚ್ಚಿದರೆ ವಾಸಿ ಎಂಬುದನ್ನೂ ವಿವರವಾಗಿ ತಿಳಿಸಿದರು. ವಾಹಿನಿಯ ಹುಡುಗಿ ಕ್ಯಾಮೆರಾ ನಿಲ್ಲಿಸಿ ಸ್ವಲ್ಪ ಕಠಿಣವಾಗಿಯೇ, ಇಷ್ಟೇ ಹೇಳಿದರೆ ನಿಮ್ಮ ಭಾಗ ಟೀವಿಯಲ್ಲಿ ಉಳಿಯುವುದು ಕಷ್ಟ ಎಂದಳು. "ಆತು," ಎಂದು ಅಕ್ಕ ಎದ್ದು ಬಂದರು.

ಸ್ಪರ್ಧೆ ನಡೆದದ್ದು ಶರಾವತಿ ಕಡಲು ಸೇರುವ ಕಡೆ, ಕಾಸರಕೋಡಿನ ಮರಳ ದಿಬ್ಬದ ಒಳಬದಿಯಲ್ಲಿ. ಆಟ ಹೀಗಿತ್ತು: ಹೊಳೆಯಲ್ಲಿ ಲಂಗರು ಹಾಕಿದ ತೆಪ್ಪದ ಮೇಲೆ ಎಸೆಯುವವರು ನಿಂತಿರಬೇಕು. ಇನ್ನಿಬ್ಬರು ದೂರದಲ್ಲಿ ಗುರುತಿಗೆ ತೇಲಿಬಿಟ್ಟ ಬುರುಡೆಗಳವರೆಗೆ ಈಜಿ, ಅವುಗಳ ಕೆಳಗೆ ನೀರೊಳಗೆ ಕಟ್ಟಿದ ರಿಂಗುಗಳನ್ನು ಮುಳುಗಿ ಬಿಚ್ಚಿ, ಒಂದೊಂದಾಗಿ ತಂದುಕೊಡಬೇಕು. ಎದುರಿನ ಇನ್ನೊಂದು ತೆಪ್ಪದ ಮೇಲೆ ಐದು ಗೂಟಗಳು. ಐದಕ್ಕೂ ರಿಂಗು ಮೊದಲು ತೊಡಿಸಿದವರು ಗೆದ್ದರು. ಗುರಿ ತಪ್ಪಿದ ರಿಂಗು ನೀರಿನಲ್ಲಿ ಮುಳುಗುವಷ್ಟು ಭಾರವಿತ್ತು. ಅದನ್ನು ಹುಡುಕಿ ತಂದರೆ ಮತ್ತೆ ಎಸೆಯಬಹುದು, ಬದಲಿ ರಿಂಗು ಇಲ್ಲ. ಸೋತ ತಂಡ ಅಂದೇ ಮನೆಗೆ. ನಮ್ಮ ಎದುರಾಳಿಗಳು ಕುಂದಾಪುರದ ಕಡೆಯ ಮೂವರು.

ಬೆಳಿಗ್ಗೆ ಆಗಬೇಕಿದ್ದ ಆಟ ಬೆಳಕು ಸರಿಯಿಲ್ಲ, ಮೈಕು ಸರಿಯಿಲ್ಲ ಎಂದು ಮುಂದೆ ಹೋಗಿ ಸಂಜೆ ನಾಲ್ಕರ ಮೇಲಾಯಿತು. ಅಷ್ಟರಲ್ಲಿ ಇಳಿತ ಶುರುವಾಗಿತ್ತು. ಹೊಳೆ ಕಡಲಿನ ಕಡೆ ಎಳೆಯುತ್ತಿತ್ತು. ಅಕ್ಕ ಇದನ್ನು ಒಂದು ಸಲ ಹೇಳಿದರು. ಅಷ್ಟರಲ್ಲಿ ವಾಹಿನಿಯವರು ಸೀಟಿ ಊದಿದರು.

ಮೊದಲೆರಡು ರಿಂಗುಗಳು ನನ್ನ ಕೈಯಿಂದ ಹೂವಿನ ಹಾಗೆ ಹೋಗಿ ಕೂತವು. ಮೂರನೆಯದು ತಪ್ಪಿತು. ಎಸೆದದ್ದು ನೀರಿಗೆ ಬಿದ್ದ ಕಡೆ ಸುಹೇಲ್ ಎರಡು ಸಲ ಮುಳುಗಿ ಬರಿದೇ ಎದ್ದ. ಅಕ್ಕ ಅಲ್ಲಿಗೆ ಹೋಗಿ ಮುಳುಗಿ ಒಂದು ಗಳಿಗೆಗೆ ರಿಂಗಿನೊಂದಿಗೆ ಮೇಲೆ ಬಂದರು. ಅವರು ಹುಡುಕುತ್ತಿದ್ದುದು ಕಣ್ಣಿನಿಂದಲ್ಲ, ಕಾಲಿನಿಂದ. "ಹಿಡಿ" ಎಂದು ನನ್ನ ಕೈಯಲ್ಲಿಟ್ಟರು. ಮತ್ತೆ ತಪ್ಪಿತು. ಮತ್ತೆ ತಂದರು. "ಹಿಡಿ." ನಾಲ್ಕನೆಯದೂ ಹಾಗೆಯೇ. ತೆಪ್ಪ ಅಲುಗುತ್ತಿತ್ತೋ ನಾನೋ ತಿಳಿಯುತ್ತಿರಲಿಲ್ಲ. ಎಷ್ಟು ಸಲ ಮುಳುಗಿದರೋ, ಅವರ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಕಾವಲಿಗಿದ್ದ ದೋಣಿಯಿಂದ ಯಾರೋ ಬೇಗ ಬೇಗ ಎನ್ನುತ್ತಿದ್ದರು.

ನಾಲ್ಕು ಕೂತವು. ಆಚೆಯವರದೂ ನಾಲ್ಕು. ಐದನೆಯದನ್ನು ಎಸೆದೆ. ಅದು ಗೂಟದ ತುದಿಯ ಮೇಲೆ ಒಂದು ಸುತ್ತು ಸುತ್ತಿ, ಒಳಗೆ ಇಳಿಯಿತು ಎಂದುಕೊಳ್ಳುವಷ್ಟರಲ್ಲಿ ಆಚೆಗೆ ಸಿಡಿದು, ಹಗ್ಗದ ಗಡಿ ದಾಟಿ, ಹೊಳೆಯ ನಡುಗಾಲುವೆಯ ಆಳಕ್ಕೆ ಬಿತ್ತು. ಅಕ್ಕ ನನ್ನ ತೆಪ್ಪದ ಅಂಚು ಹಿಡಿದು ಉಸಿರು ಸುಧಾರಿಸಿಕೊಳ್ಳುತ್ತಿದ್ದರು. ನಾನು ಕೈಮುಗಿದೆ. "ತರ್ತೆ," ಎಂದರು, ಹೋದರು.

ಬಹಳ ಹೊತ್ತು ಮೇಲೆ ಬರಲಿಲ್ಲ. ಹಗ್ಗಕ್ಕೆ ಜೋತು ಏದುತ್ತಿದ್ದ ಸುಹೇಲ್ ನನ್ನ ಮುಖ ನೋಡಿದ. ಕಾವಲು ದೋಣಿಯವರು ಇಂಜಿನ್ನು ಚಾಲೂ ಮಾಡಿದರು. ಆಗ, ನಾವು ಯಾರೂ ನೋಡದಿದ್ದ ದಿಕ್ಕಿನಲ್ಲಿ, ಅಳಿವೆಯ ಬಾಯಿಯ ಕಡೆ, ಅವರ ತಲೆ ಕಾಣಿಸಿತು. ಸಿಕ್ಕಿತೇ ಎಂದು ಸುಹೇಲ್ ಕೂಗಿದ. ಅಕ್ಕ ಒಂದು ಕೈ ಎತ್ತಿ ಅಂಗೈ ಬಿಡಿಸಿ ತೋರಿಸಿದರು. ಏನೂ ಇರಲಿಲ್ಲ. ಅದೇ ಹೊತ್ತಿಗೆ ಎದುರಾಳಿಗಳ ತೆಪ್ಪದಲ್ಲಿ ಕೇಕೆ ಎದ್ದಿತು. ಅವರ ಐದನೆಯದು ಕೂತಿತ್ತು.

ಕ್ಯಾಮೆರಾಗಳೆಲ್ಲ ಆ ಕಡೆ ತಿರುಗಿದವು. ನಾನು ತೆಪ್ಪದ ಮೇಲೆ ಕುಸಿದು ಕೂತು ಅಳುತ್ತಿದ್ದೆ. ಅಕ್ಕ ವಾಪಸು ಬರಲಿಲ್ಲ. ನೀರಿನ ಮೇಲೆ ಅಂಗಾತ ಮಲಗಿ, ಇಳಿತದ ಜೊತೆ ಕಡಲಿನ ಕಡೆ ತೇಲತೊಡಗಿದರು. ದೋಣಿ ಹತ್ತಿರ ಹೋದಾಗ ಬೇಡವೆಂದು ಕೈಯಾಡಿಸಿದರು. ನಾನು ಅಳುತ್ತಲೇ ಅದನ್ನೆಲ್ಲ ನೋಡಿದೆ. ಕಾಲು ಗಂಟೆಯ ಮೇಲೆ ದಂಡೆಗೆ ಬಂದು ಸೀರೆ ಹಿಂಡಿಕೊಂಡು, ಟಿಫಿನ್ ಕ್ಯಾರಿಯರ್ ಬಿಚ್ಚಿ, ನಮ್ಮಿಬ್ಬರಿಗೂ ಅನ್ನ ಬಡಿಸಿದರು.

ಆ ಕಂತು ಟೀವಿಯಲ್ಲಿ ಬಂದಾಗ ನನ್ನ ಐದನೆಯ ರಿಂಗು ಗುಡುಗಿನ ಸದ್ದಿನೊಂದಿಗೆ ಮೂರು ಸಲ ನಿಧಾನವಾಗಿ ನೀರಿಗೆ ಬಿತ್ತು. ಅಕ್ಕ ಮುಳುಗಿದ್ದು ಅರ್ಧ ನಿಮಿಷವೂ ಇರಲಿಲ್ಲ. ತೇಲಿದ್ದು ಇರಲೇ ಇಲ್ಲ. ಆಮೇಲೆ ಕಾಲೇಜಿನಲ್ಲಿ ಹುಡುಗರು ಪುಸ್ತಕ ವಾಪಸು ಕೊಡುವಾಗ ಮೇಡಂ ಎಸೆಯಬೇಡಿ ಎಂದರು. ಕುಮಟೆಯ ಸಂತೆಯಲ್ಲಿ ತರಕಾರಿಯವಳು ನನ್ನನ್ನು ಗುರುತು ಹಿಡಿದು, ಅಯ್ಯೋ ಒಂದೇ ಒಂದು ರಿಂಗಿತ್ತಲ್ಲ ಎಂದು ಮರುಗಿದಳು. ಮರುಕ ಗೇಲಿಗಿಂತ ಹೆಚ್ಚು ನಾಟುತ್ತದೆ. ಅಕ್ಕನನ್ನು ಅಷ್ಟು ಸಲ ಮುಳುಗಿಸಿದವಳು ನಾನು, ಇಬ್ಬರ ಶ್ರಮ ನೀರುಪಾಲು ಮಾಡಿದವಳು ನಾನು ಎಂದು ಒಳಗೇ ಕೊರೆಯುತ್ತಿತ್ತು. ಹೊಳೆಯ ಕಡೆ ಹೋಗುವುದನ್ನೇ ಬಿಟ್ಟೆ. ಕ್ರೀಡಾದಿನ ಬಂದರೆ ರಜೆ ಹಾಕಿದೆ.

ಅಕ್ಕ ಮಾತ್ರ ಆಗಾಗ ಬಂದುಹೋಗುತ್ತಿದ್ದರು. ನನ್ನ ಮೇಜಿನ ಪಕ್ಕದ ಸ್ಟೂಲಿನಲ್ಲಿ ಕೂತು, ದೊಡ್ಡ ಅಟ್ಲಾಸನ್ನು ತೊಡೆಯ ಮೇಲೆ ಬಿಡಿಸಿ, ನೆಲವನ್ನೆಲ್ಲ ಬಿಟ್ಟು ನೀಲಿಯ ಮೇಲೆ ಬೆರಳಾಡಿಸುವರು. ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ಇಷ್ಟೆಲ್ಲ ನೀರು ಇರುವುದು ಹೌದೋ ಎಂದು ಕೇಳುವರು. ಏನೋ ಹೇಳಲು ಬಂದವರಂತೆ ನನ್ನ ಕಡೆ ನೋಡಿ, ಮತ್ತೆ ನೀಲಿಗೆ ಮರಳುವರು. ಬಸ್ಸಿನ ಹೊತ್ತಾದಾಗ ಎದ್ದು ಹೋಗುವರು.

ಎರಡು ವರ್ಷ ಕಳೆಯಿತು. ಈ ಮಳೆಗಾಲದ ಕೊನೆಯಲ್ಲಿ ಅವರಿಗೆ ಉಸಿರಿನ ತೊಂದರೆಯಾಗಿ ಕುಮಟೆಯ ಆಸ್ಪತ್ರೆಯಲ್ಲಿ ಇಟ್ಟಿದ್ದಾರೆ ಎಂದು ಅವರ ಹಿರಿಯ ಮಗಳು ಫೋನ್ ಮಾಡಿದಳು. ಮಧ್ಯಾಹ್ನ ಹೋದೆ. ಕಿಟಕಿಯ ಬಿಸಿಲು ಹಾಸಿಗೆಯ ಅರ್ಧದವರೆಗೆ ಬಂದಿತ್ತು. ಅಕ್ಕ ತುಂಬ ಚಿಕ್ಕವರಾಗಿದ್ದರು. ನನ್ನನ್ನು ಕಂಡು, ಮಗಳನ್ನು ಎಳನೀರು ತರಲು ಹೊರಗೆ ಕಳಿಸಿದರು. ಅವಳು ಬಾಗಿಲು ದಾಟಿದ ಮೇಲೆ ಹೇಳಿದರು:

"ರಿಂಗು ಸಿಕ್ಕಿತ್ತು ತಂಗಿ."

ನನಗೆ ಮೊದಲು ಅರ್ಥವಾಗಲಿಲ್ಲ.

"ಕಾಲಿಗೆ ಸಿಕ್ಕಿತ್ತು. ಬೆರಳಲ್ಲಿ ಎತ್ತಿದ್ದೆ ಕೂಡ. ಬಿಟ್ಟೆ."

ಯಾಕೆ ಎಂದು ಕೇಳಿದೆ. ಅವರು ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳುತ್ತ ಹೇಳಿದರು. "ಆರೇಳು ವರ್ಷದವಳಿದ್ದಾಗಿಂದ ಮುಳುಗ್ತಾ ಬಂದೆ. ಒಂದ್ ದಿನನೂ ಬರಿಗೈಲಿ ಮೇಲೆ ಬಂದವಳಲ್ಲ. ಬಂದ್ರೆ ಆಗೂದಿಲ್ಲಾಗಿತ್ತು. ಅವತ್ತು ತಳದಲ್ಲಿ ತಣ್ಣಗೆ ಇತ್ತು. ನೀರು ಹೊರಗೆ ಎಳೀತಿತ್ತು. ಇದೊಂದನ್ನ ತರೂದಿಲ್ಲ ಅಂತ ಅನ್ಸ್ತು." ನನ್ನ ಕಡೆ ತಿರುಗಿ, "ನೀವಿಬ್ರೂ ಕಾಯ್ತಾ ಇದ್ದದ್ದು ಗೊತ್ತಿತ್ತು. ಗೊತ್ತಿದ್ದೇ ಬಿಟ್ಟೆ," ಎಂದರು.

ನನಗೆ ಸಿಟ್ಟು ಬಂತು. ಹಾಸಿಗೆ ಹಿಡಿದವರ ಮೇಲೆ ಬರಬಾರದ ಸಿಟ್ಟು. ಎರಡು ವರ್ಷ ನಾನು ಆ ತಪ್ಪನ್ನು ಹೊತ್ತು ತಿರುಗಿದ್ದೆ. ಆಗಲೇ ಹೇಳಬಹುದಿತ್ತಲ್ಲ ಎಂದೆ. "ನಾಕೈದು ಸಲ ಹೇಳೂಕೆ ಬಂದಿದ್ದೆ," ಎಂದರು ಅಕ್ಕ. "ನಿನ್ ಲೈಬ್ರರೀಲಿ ಮಾತಾಡೂಕೆ ಕೂಡ್ದು ಅಂತ ಬೋರ್ಡು ಹಾಕಿದ್ಯಲ್ಲ."

ತಮಾಷೆಗೆ ಹೇಳಿದರೋ ನಿಜವಾಗಿ ಹೇಳಿದರೋ ತಿಳಿಯಲಿಲ್ಲ. ಆದರೆ ನನಗೆ ನಗು ಬಂತು, ಅದರ ಬೆನ್ನಿಗೇ ಅಳು. ಅವರು ನನ್ನ ಕೈ ಹುಡುಕಿ ಹಿಡಿದರು. ಒರಟು ಅಂಗೈ, ಚಿಪ್ಪು ಕುಯ್ದ ಹಳೆಯ ಗೆರೆಗಳು. ಸಿಟ್ಟು ಇಳಿಯಿತು ಎನ್ನಲಾರೆ, ಅದರ ಜೊತೆಗೇ ಕೂತೆ. ಸುಹೇಲನಿಗೆ ಇದನ್ನು ನಾನಿನ್ನೂ ಹೇಳಿಲ್ಲ. ಇದನ್ನು ಓದಿದಾಗ ಅವನಿಗೆ ತಿಳಿಯುತ್ತದೆ.

ಮಗಳು ಬರುವುದರೊಳಗೆ ಅಕ್ಕ ಇನ್ನೊಂದು ಕೇಳಿದರು. ತಾನು ಈಜುವುದನ್ನು ತಾನು ಒಮ್ಮೆಯೂ ಕಂಡವಳಲ್ಲ, ಟೀವಿಯಲ್ಲಾದರೂ ನೋಡಬಹುದೆಂದು ಮಕ್ಕಳು ಮೊಮ್ಮಕ್ಕಳ ನಡುವೆ ಕೂತಿದ್ದರೆ ಅಷ್ಟನ್ನೇ ತೆಗೆದುಬಿಟ್ಟಿದ್ದರು ಎಂದರು. ಆಮೇಲೆ ಸ್ವಲ್ಪ ನಾಚಿಕೊಂಡು, "ನೀ ನೋಡಿದ್ಯಲ್ಲ. ಹೆಂಗೆ ಕಾಣ್ತಿತ್ತು?" ಎಂದರು.

ನಾನು ಹೇಳಿದೆ. ಬಿಸಿಲು ಓರೆಯಾಗಿ ಬಿದ್ದು ಹೊಳೆಯೆಲ್ಲ ಹಿತ್ತಾಳೆಯ ಬಣ್ಣವಾಗಿತ್ತು ಎಂದೆ. ನೀವು ಅಂಗಾತ ಮಲಗಿದ್ದಿರಿ, ಕೈ ಎರಡೂ ಅಗಲಕ್ಕೆ ಚಾಚಿದ್ದವು, ಸೀರೆಯ ಸೆರಗು ಬಿಚ್ಚಿಕೊಂಡು ಪಕ್ಕದಲ್ಲಿ ಬೇರೆಯೇ ತೇಲುತ್ತಿತ್ತು. ಅಳಿವೆಯ ಬಾಯಿಯಲ್ಲಿ ಸಣ್ಣ ಅಲೆಗಳು ಏಳುತ್ತಿದ್ದವು. ಒಂದೊಂದು ಬಂದಾಗಲೂ ನೀವು ಮೇಲಕ್ಕೆ ಹೋಗಿ ಕೆಳಕ್ಕೆ ಬರುತ್ತಿದ್ದಿರಿ, ಉಸಿರಾಡುವ ಹಾಗೆ. ಆಮೇಲೆ ಮಗ್ಗುಲಾಗಿ, ಒಂದು ಕೈ ಮುಂದೆ ಹಾಕಿ, ಕಡಲಿನ ಕಡೆಗೇ ಹೋದಿರಿ. ಅಷ್ಟು ದೂರದಲ್ಲಿ ತಲೆ ಒಂದು ತೆಂಗಿನಕಾಯಿಯಷ್ಟು ಕಾಣುತ್ತಿತ್ತು. ಇನ್ನೂ ದೂರ ಹೋದಾಗ ನೀವು ಯಾವುದು, ಅಲೆ ಯಾವುದು ಎಂದು ನನಗೆ ತಿಳಿಯಲಿಲ್ಲ.

"ಅಷ್ಟ್ ದೂರ ಹೋಗಿದ್ನಾ?"

"ಅಷ್ಟು ದೂರ ಹೋಗಿದ್ರಿ."

ನರ್ಸ್ ಬಂದು ಸೂಜಿಯ ಹೊತ್ತಾಯಿತೆಂದಳು. ಅಕ್ಕ ಕಣ್ಣು ಮುಚ್ಚಿಕೊಂಡೇ, ತಡಿ ಎಂಬಂತೆ ಅವಳಿಗೆ ಕೈ ತೋರಿಸಿದರು.

"ಮೊದಲಿಂದ ಹೇಳು," ಎಂದರು ನನಗೆ.

ಬಿಸಿಲು ಓರೆಯಾಗಿ ಬಿದ್ದಿತ್ತು ಎಂದು ಮತ್ತೆ ಶುರುಮಾಡಿದೆ.